ಜಯಮಂಗಲಿಯ ದಾರಿಯಲ್ಲಿ ಹದ್ದು, ಗಿಡುಗ ನೋಡಲು: ದೇವರಾಯನದುರ್ಗದಿಂದ ಮೈದನಹಳ್ಳಿವರೆಗೆ ಎರಡು ದಿನದ ಮಾರ್ಗದರ್ಶಿ

ದೇವರಾಯನದುರ್ಗದ ಬೆಟ್ಟದಲ್ಲಿ ಎರಡು ನದಿ ಹುಟ್ಟುತ್ತವೆ. ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿ ಸೇರುತ್ತದೆ. ಜಯಮಂಗಲಿ ಉತ್ತರಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ ಸೀಮೆ ದಾಟಿ ಉತ್ತರ ಪಿನಾಕಿನಿಯನ್ನು ಕೂಡುತ್ತದೆ. ಈ ಬರಹ ಜಯಮಂಗಲಿಯ ದಾರಿ ಹಿಡಿದು ಹೋಗುವವರಿಗೆ. ಮೊದಲ ದಿನ ಬೆಟ್ಟ ಮತ್ತು ಕಣಿವೆ. ಎರಡನೇ ದಿನ ಬೆಳಿಗ್ಗೆ ಮಧುಗಿರಿಯ ಏಕಶಿಲೆಯ ಬುಡ, ಸಂಜೆ ಮೈದನಹಳ್ಳಿಯ ಹುಲ್ಲುಗಾವಲು. ಒಂದೇ ನದಿಯ ಆಸುಪಾಸಿನಲ್ಲಿ ಕಾಡು, ಬಂಡೆ, ಬಯಲು ಮೂರೂ ಸಿಗುತ್ತವೆ. ಮೂರು ಕಡೆಯೂ ಬೇಟೆಯಾಡಿ ಬದುಕುವ ಹಕ್ಕಿಗಳು ಬೇರೆ ಬೇರೆ.

ಹೊರಡುವ ಮುಂಚೆ ಒಂದು ಮಾತು ಮನಸ್ಸಿಗೆ ಹಾಕಿಕೊಳ್ಳಿ. ಈ ಹಕ್ಕಿಗಳು ಓಡಾಡಿದರೆ ಸಿಗುವುದಿಲ್ಲ, ಕೂತರೆ ಸಿಗುತ್ತವೆ. ಒಂದೇ ಬಂಡೆಯ ಮೇಲೆ ಮೂರು ಗಂಟೆ ಕೂರಲು ತಯಾರಿದ್ದರೆ ಮಾತ್ರ ಈ ಪ್ರವಾಸ ನಿಮಗೆ ಒಗ್ಗುತ್ತದೆ. ಒಂದೇ ದಿನದಲ್ಲಿ ಐದು ಜಾಗ ಮುಗಿಸುವ ಆಸೆ ಇದ್ದರೆ ಬೇರೆ ಕಡೆ ಹೋಗುವುದು ಒಳ್ಳೆಯದು.

ಮೊದಲು ನಿಮ್ಮೂರಿನ ಹದ್ದನ್ನು ಕಲಿಯಿರಿ

ಬೆಟ್ಟಕ್ಕೆ ಹೋಗುವ ಒಂದು ವಾರ ಮುಂಚೆ ಮನೆ ಮಹಡಿಯ ಮೇಲೆ ನಿಂತು ಮಾಮೂಲಿ ಕರಿ ಹದ್ದನ್ನು ನೋಡಿ. ತುಮಕೂರಿನವರಾದರೆ ಅಮಾನಿಕೆರೆ ಕಡೆ ಹೋದರೂ ಆಯಿತು. ಎಲ್ಲ ಕಡೆ ಇರುವ ಹಕ್ಕಿ ಅಂತ ಕಡೆಗಣಿಸಬೇಡಿ. ಇದೇ ನಿಮ್ಮ ಅಳತೆಗೋಲು. ದೂರದಲ್ಲಿ ಹಾರುವ ಹಕ್ಕಿಯ ಗಾತ್ರ ಹೇಳುವುದು ಬಹಳ ಕಷ್ಟ. ಆದರೆ 'ಕರಿ ಹದ್ದಿಗಿಂತ ದೊಡ್ಡದಾ, ಚಿಕ್ಕದಾ' ಅಂತ ಕೇಳಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಹದ್ದಿನಲ್ಲಿ ಮೂರು ವಿಷಯ ಗಮನಿಸಿ. ಒಂದು, ಬಾಲ. ತುದಿಯಲ್ಲಿ ಸ್ವಲ್ಪ ಕವಲು ಇರುತ್ತದೆ. ಬಾಲವನ್ನು ಪೂರ್ತಿ ಬಿಡಿಸಿದಾಗ ಆ ಕವಲು ಮಾಯವಾಗಿ ನೇರ ಅಂಚು ಕಾಣುತ್ತದೆ, ಮೋಸ ಹೋಗಬೇಡಿ. ಎರಡು, ಹಾರುವಾಗ ಬಾಲವನ್ನು ದೋಣಿಯ ಚುಕ್ಕಾಣಿಯಂತೆ ಆ ಕಡೆ ಈ ಕಡೆ ತಿರುಚುತ್ತಲೇ ಇರುತ್ತದೆ. ಮೂರು, ರೆಕ್ಕೆ ಮಣಿಕಟ್ಟಿನ ಹತ್ತಿರ ಸ್ವಲ್ಪ ಬಾಗಿರುತ್ತದೆ. ಇಷ್ಟು ಕಣ್ಣಿಗೆ ಕೂತರೆ, ಬೆಟ್ಟದ ಮೇಲೆ ಬಾಲ ತಿರುಚದ, ಹಲಗೆಯಂತೆ ರೆಕ್ಕೆ ಚಾಚಿದ ಹಕ್ಕಿ ಬಂದಾಗ 'ಇದು ಕರಿ ಹದ್ದಲ್ಲ' ಅಂತ ತಾನಾಗಿಯೇ ಗೊತ್ತಾಗುತ್ತದೆ.

ಜೊತೆಗೆ ಗರುಡನನ್ನೂ ನೋಡಿಕೊಳ್ಳಿ. ಇಟ್ಟಿಗೆ ಬಣ್ಣದ ಮೈ, ಬಿಳಿ ತಲೆ ಮತ್ತು ಎದೆ, ದುಂಡನೆಯ ಬಾಲ. ನಮ್ಮ ಕಡೆ ಎಷ್ಟೋ ಜಾತ್ರೆಗಳಲ್ಲಿ ಗರುಡ ಸುತ್ತು ಹಾಕಿದ ಮೇಲೆಯೇ ತೇರು ಎಳೆಯುವುದು ಅಲ್ವಾ? ಹಾಗಾಗಿ ಇದನ್ನು ಗುರುತಿಸುವುದು ಹಳ್ಳಿಯ ಮಕ್ಕಳಿಗೂ ಗೊತ್ತು. ಎಳೆಯ ಗರುಡ ಮಾತ್ರ ಕಂದು ಬಣ್ಣಕ್ಕಿದ್ದು ಹದ್ದಿನಂತೆಯೇ ಕಾಣುತ್ತದೆ. ಆಗ ಬಾಲ ನೋಡಿ. ಕವಲಿಲ್ಲದ ದುಂಡು ಬಾಲ ಇದ್ದರೆ ಗರುಡ.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗೆ. ಇಲ್ಲಿಯೇ ಇರುವ ಹಕ್ಕಿಗಳ ಜೊತೆ ಚಳಿಗಾಲಕ್ಕೆ ಬರುವ ವಲಸೆ ಹಕ್ಕಿಗಳೂ ಆಗ ಇರುತ್ತವೆ. ಮಾರ್ಚ್ ಆದಮೇಲೆ ಬಿಸಿಲು ಜಾಸ್ತಿ, ಹುಲ್ಲು ಒಣಗಿ ಬೆಂಕಿ ಬೀಳುವ ಕಾಲ. ಮಳೆಗಾಲದಲ್ಲಿ ಬೆಟ್ಟ ಚೆಂದ, ಆದರೆ ಮೋಡ ಬಂಡೆಯ ಮೇಲೇ ಕೂತಿರುತ್ತದೆ. ಹಕ್ಕಿ ನೋಡುವುದಕ್ಕೆ ಅದು ಕಾಲವಲ್ಲ.

ಭಾನುವಾರ ಮತ್ತು ಹಬ್ಬದ ದಿನ ಬೇಡ. ಗಾಡಿ, ಹಾರ್ನ್, ಹಾಡಿನ ಸ್ಪೀಕರ್ ಎಲ್ಲ ಸೇರಿ ಬೆಟ್ಟದಲ್ಲಿ ಕೂರುವುದೇ ಕಷ್ಟವಾಗುತ್ತದೆ. ವಾರದ ನಡುವೆ ಒಂದು ದಿನ ರಜೆ ಹಾಕಿ.

ಇನ್ನು ಹೊತ್ತು. ಹಕ್ಕಿ ನೋಡಲು ಕೋಳಿ ಕೂಗುವ ಮುಂಚೆ ಏಳಬೇಕು ಅನ್ನುತ್ತಾರೆ. ಪಿಕಳಾರ, ಕಾಜಾಣ ನೋಡಲು ಅದು ಸರಿ. ದೊಡ್ಡ ಹದ್ದುಗಳಿಗೆ ಆ ಲೆಕ್ಕ ಇಲ್ಲ. ಅವು ರೆಕ್ಕೆ ಬಡಿದು ಶಕ್ತಿ ಕಳೆಯುವುದಿಲ್ಲ. ಬಿಸಿಲಿಗೆ ಬಂಡೆ ಕಾಯಬೇಕು, ಬಂಡೆಯ ಮೇಲಿನ ಗಾಳಿ ಬಿಸಿಯಾಗಿ ಕಂಬದ ಹಾಗೆ ಮೇಲೆ ಏಳಬೇಕು. ಆ ಗಾಳಿಯ ಕಂಬದೊಳಗೆ ಸುತ್ತು ಹಾಕುತ್ತ ಪುಕ್ಕಟೆಯಾಗಿ ಮೇಲೇರುತ್ತವೆ. ಚಳಿಗಾಲದಲ್ಲಿ ಇದು ಶುರುವಾಗುವುದು ಎಂಟೂವರೆ, ಒಂಬತ್ತರ ಮೇಲೆ. ಒಂಬತ್ತರಿಂದ ಹನ್ನೊಂದೂವರೆ ಬಂಗಾರದ ಹೊತ್ತು. ಮಟ ಮಟ ಮಧ್ಯಾಹ್ನ ಆಗುವಷ್ಟರಲ್ಲಿ ಎಷ್ಟೋ ಎತ್ತರಕ್ಕೆ ಹೋಗಿ ಚುಕ್ಕಿಯಾಗಿಬಿಡುತ್ತವೆ. ಹಾಗಾಗಿ ನಿಧಾನವಾಗಿ ತಿಂಡಿ ತಿಂದು ಹೊರಡಿ. ಕ್ಯಾತ್ಸಂದ್ರದ ದಾರಿಯಲ್ಲಿ ಬರುವವರು ತಟ್ಟೆ ಇಡ್ಲಿ ಬಿಟ್ಟು ಹೋಗುವುದು ನ್ಯಾಯವಲ್ಲ.

ಚೀಲದಲ್ಲಿ ಏನಿರಬೇಕು

ಬೈನಾಕ್ಯುಲರ್ ಒಂದು ಬೇಕೇ ಬೇಕು. ಅದರ ಮೇಲೆ 8x42 ಅಂತ ಬರೆದಿದ್ದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, ಮುಂದಿನ ಗಾಜು 42 ಮಿಲಿಮೀಟರ್ ಅಗಲ ಅಂತ ಅರ್ಥ. ಹೊಸಬರಿಗೆ ಇದೇ ಸರಿ. 20 ಪಟ್ಟು, 30 ಪಟ್ಟು ಅಂತ ಅಂಗಡಿಯವರು ಆಸೆ ತೋರಿಸಿದರೆ ತೆಗೆದುಕೊಳ್ಳಬೇಡಿ. ಕೈ ನಡುಕವೂ ಅಷ್ಟೇ ಪಟ್ಟು ಹೆಚ್ಚಿ ಕಾಣುತ್ತದೆ, ಹಾರುವ ಹಕ್ಕಿ ಗಾಜಿನೊಳಗೆ ಸಿಗುವುದೇ ಇಲ್ಲ. ದೊಡ್ಡ ಕ್ಯಾಮೆರಾ ಇಲ್ಲ ಅಂತ ಬೇಜಾರು ಬೇಡ. ಮೊದಲ ಸಲ ಕ್ಯಾಮೆರಾ ಇಲ್ಲದೆ ಹೋದವರೇ ಜಾಸ್ತಿ ಕಲಿಯುತ್ತಾರೆ.

ಅಂಚು ಅಗಲದ ಟೋಪಿ, ತಲಾ ಎರಡು ಲೀಟರ್ ನೀರು, ಕೂರಲು ಹಳೇ ಗೋಣಿಚೀಲ ಅಥವಾ ದಪ್ಪ ಟವೆಲ್, ಒಂದು ಚಿಕ್ಕ ನೋಟ್‌ಬುಕ್, ಪೆನ್ಸಿಲ್. ಬಟ್ಟೆ ಮಣ್ಣಿನ ಬಣ್ಣ ಅಥವಾ ಎಲೆ ಬಣ್ಣದ್ದಿರಲಿ. ಸೆಂಟು, ಘಮಘಮಿಸುವ ತಲೆ ಎಣ್ಣೆ ಬೇಡ. ಇದು ಹಕ್ಕಿಗಾಗಿ ಅಲ್ಲ, ಹೆಜ್ಜೇನಿಗಾಗಿ. ಅದರ ಮಾತು ಮುಂದೆ ಬರುತ್ತದೆ. ಊಟಕ್ಕೆ ಚಿತ್ರಾನ್ನವೋ ಬುತ್ತಿಯೋ ಕಟ್ಟಿಕೊಂಡರೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟು ಚೀಲದೊಳಗೆ ಹಾಕಿ. ದೇವಸ್ಥಾನದ ಹತ್ತಿರದ ಕೋತಿಗಳು ಪ್ಲಾಸ್ಟಿಕ್ ಕವರ್ ಕಂಡರೆ ಬಿಡುವುದಿಲ್ಲ.

ಫೋನಿನಲ್ಲಿ ಮರ್ಲಿನ್ ಆ್ಯಪ್ ಹಾಕಿಕೊಳ್ಳಿ. ಹಕ್ಕಿ ಗುರುತಿಸಲು ಉಚಿತವಾಗಿ ಸಿಗುತ್ತದೆ. ಹಿಂದಿನ ರಾತ್ರಿಯೇ ನಮ್ಮ ಪ್ರದೇಶದ ಹಕ್ಕಿಗಳ ಪಟ್ಟಿಯನ್ನು ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ಚಿತ್ರ ನೋಡಬಹುದು. ಒಂದು ವಿಷಯ: ಅದರಲ್ಲಿ ಹಕ್ಕಿಯ ಕೂಗು ನುಡಿಸುವ ಸೌಲಭ್ಯ ಇದೆ. ಬೆಟ್ಟದಲ್ಲಿ ಅದನ್ನು ಜೋರಾಗಿ ಹಾಕಬೇಡಿ. ಬೇರೆ ಹಕ್ಕಿ ತನ್ನ ಜಾಗಕ್ಕೆ ಬಂತು ಅಂತ ಅಲ್ಲಿನ ಹಕ್ಕಿ ಗಾಬರಿಯಾಗುತ್ತದೆ.

ದೇವರಾಯನದುರ್ಗ ತಲುಪುವುದು

ತುಮಕೂರಿನಿಂದ ಸುಮಾರು 15 ಕಿಲೋಮೀಟರ್. ಬೆಂಗಳೂರಿನಿಂದ ಬರುವವರು ಡಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ಊರ್ಡಿಗೆರೆ ಮೇಲೆ ಬರಬಹುದು. ಇಲ್ಲವೇ ರೈಲಿನಲ್ಲಿ ತುಮಕೂರಿಗೆ ಬಂದು ಅಲ್ಲಿಂದ ಆಟೊ ಅಥವಾ ಬಾಡಿಗೆ ಕಾರು ಹಿಡಿಯಬಹುದು. ಬಸ್ಸಿನಲ್ಲಿ ಹೋಗುವವರು ವಾಪಸ್ ಬರುವ ಬಸ್ಸಿನ ಹೊತ್ತು ತುಮಕೂರು ನಿಲ್ದಾಣದಲ್ಲೇ ಕೇಳಿಕೊಂಡು ಹತ್ತಿ.

ಬೆಟ್ಟದ ಕೆಳಭಾಗದಲ್ಲಿ ಭೋಗನರಸಿಂಹ, ಮೇಲೆ ಯೋಗನರಸಿಂಹ. ಮೈಸೂರಿನ ಚಿಕ್ಕದೇವರಾಜ ಒಡೆಯರ್ ಗೆದ್ದ ಮೇಲೆ ದೇವರಾಯನದುರ್ಗ ಅಂತ ಹೆಸರಾಯಿತು. ಕರಿಗಿರಿ ಅನ್ನುವ ಹೆಸರೂ ಇದಕ್ಕಿದೆ. ಎತ್ತರ ಸುಮಾರು 3,900 ಅಡಿ. ಸುತ್ತ ಕುರುಚಲು ಕಾಡು. ಅದರಲ್ಲಿ ಚಿರತೆ, ಕರಡಿ ಎರಡೂ ಇವೆ. ಹಾಗಾಗಿ ರಸ್ತೆ, ಮೆಟ್ಟಿಲು, ದೇವಸ್ಥಾನದ ಸುತ್ತಿನ ಬಂಡೆ ಬಿಟ್ಟು ಪೊದೆಯೊಳಗೆ ನುಗ್ಗಬೇಡಿ. ಕತ್ತಲಾಗುವ ಮುಂಚೆ ಇಳಿದುಬಿಡಿ. ಹಕ್ಕಿ ನೋಡಲು ಪೊದೆಗೆ ನುಗ್ಗುವ, ಕತ್ತಲವರೆಗೆ ಕಾಯುವ ಅಗತ್ಯವೂ ಇಲ್ಲ.

ಬಂಡೆಯ ಮೇಲೆ ಮೂರು ಗಂಟೆ

ಎಂಟೂವರೆಗೆ ಯೋಗನರಸಿಂಹ ದೇವಸ್ಥಾನದ ಕಡೆ ಮೆಟ್ಟಿಲು ಹತ್ತಿ. ಕಣಿವೆ ಚೆನ್ನಾಗಿ ಕಾಣುವ, ಅಂಚಿನಿಂದ ದೂರದ, ಬೆನ್ನಿಗೆ ಬಂಡೆ ಆತುಕೊಳ್ಳುವ ಒಂದು ಜಾಗ ಹುಡುಕಿ. ಬೆಳಗಿನ ಸೂರ್ಯ ನಿಮ್ಮ ಬೆನ್ನಿಗಿರಲಿ. ಅಂದರೆ ಮುಖ ಪಶ್ಚಿಮಕ್ಕೆ ಅಥವಾ ವಾಯವ್ಯಕ್ಕೆ. ಸೂರ್ಯನಿಗೆ ಎದುರಾಗಿ ಕೂತರೆ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ, ಬಣ್ಣದ ಸುಳಿವು ಒಂದೂ ಸಿಗುವುದಿಲ್ಲ. ಬೈನಾಕ್ಯುಲರನ್ನು ಸೂರ್ಯನ ಕಡೆ ತಿರುಗಿಸುವುದಂತೂ ಕಣ್ಣಿಗೇ ಅಪಾಯ. ಮಕ್ಕಳಿಗೆ ಇದನ್ನು ಮೊದಲೇ ಹೇಳಿ.

ಎತ್ತರದಲ್ಲಿ ಕೂರುವುದರ ದೊಡ್ಡ ಲಾಭ ಹೇಳುತ್ತೇನೆ. ಬಯಲಿನಲ್ಲಿ ನಿಂತರೆ ಹಕ್ಕಿಯ ಹೊಟ್ಟೆ ಮಾತ್ರ ಕಾಣುತ್ತದೆ. ಇಲ್ಲಿ ಹಕ್ಕಿ ನಿಮ್ಮ ಕಾಲ ಕೆಳಗೆ, ಕಣಿವೆಯ ಮೇಲೆ ಹಾರುತ್ತದೆ. ಅದರ ಬೆನ್ನು ಕಾಣುತ್ತದೆ, ಆಮೇಲೆ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಆಮೇಲೆ ತಲೆಯ ಮೇಲೆ ಹೋಗುತ್ತದೆ. ಒಂದೇ ಹಕ್ಕಿಯನ್ನು ಮೂರು ಕಡೆಯಿಂದ ನೋಡುವ ಭಾಗ್ಯ ಬೆಟ್ಟದಲ್ಲಿ ಮಾತ್ರ.

ಆಕಾಶ ನೋಡುವುದಕ್ಕೂ ಒಂದು ಕ್ರಮ ಇದೆ. ಸುಮ್ನೆ ಮೇಲೆ ನೋಡುತ್ತ ಕೂತರೆ ಕುತ್ತಿಗೆ ನೋಯುತ್ತದೆ, ಹಕ್ಕಿ ಸಿಗುವುದಿಲ್ಲ. ಮೊದಲು ಬರಿಗಣ್ಣಿನಲ್ಲಿ ಒಂದು ಸುತ್ತು. ನಂತರ ಬೈನಾಕ್ಯುಲರ್ ಕಣ್ಣಿಗಿಟ್ಟು ಎದುರಿನ ಬೆಟ್ಟದ ಅಂಚನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಸವರಿ. ಆಮೇಲೆ ಅದಕ್ಕಿಂತ ಸ್ವಲ್ಪ ಮೇಲೆ, ಬಲದಿಂದ ಎಡಕ್ಕೆ. ಹೊಲ ಉಳುವಾಗ ಸಾಲು ಹೊಡೆದ ಹಾಗೆ. ಐದು ನಿಮಿಷಕ್ಕೊಮ್ಮೆ ಇದನ್ನೇ ಮಾಡಿ. ನೀಲಿ ಆಕಾಶದಲ್ಲಿ ಹಕ್ಕಿ ಹುಡುಕುವುದು ಕಷ್ಟ. ಬಿಳಿ ಮೋಡ ಇದ್ದರೆ ಅದರ ಮೇಲೆ ಕಣ್ಣಿಡಿ, ಕಪ್ಪು ಚುಕ್ಕಿ ಬೇಗ ಎದ್ದು ಕಾಣುತ್ತದೆ.

ಬೇರೆ ಜೀವಿಗಳೂ ಸುಳಿವು ಕೊಡುತ್ತವೆ. ಅಳಿಲು ಬಿಡದೆ ಚಿವ್ ಚಿವ್ ಅನ್ನುತ್ತಿದ್ದರೆ, ಪಾರಿವಾಳದ ಗುಂಪು ಇದ್ದಕ್ಕಿದ್ದಂತೆ ಬಂಡೆ ಬಿಟ್ಟು ಎದ್ದರೆ, ಕಾಜಾಣ ಯಾವುದನ್ನೋ ಅಟ್ಟಿಸಿಕೊಂಡು ಹೋಗುತ್ತಿದ್ದರೆ, ತಕ್ಷಣ ಅವು ನೋಡುತ್ತಿರುವ ಕಡೆ ನೋಡಿ. ನನಗೆ ಮೊದಲ ಶಾಹೀನ್ ಗಿಡುಗ ಸಿಕ್ಕಿದ್ದು ಹೀಗೆಯೇ. ಪಾರಿವಾಳಗಳು ಚೆಲ್ಲಿದ ಹಾಗೆ ಎದ್ದವು, ಅವುಗಳ ನಡುವೆ ಕಲ್ಲೊಂದು ಬಿದ್ದ ಹಾಗೆ ಕಂಡಿತು. ಆ ಕಲ್ಲಿಗೆ ರೆಕ್ಕೆ ಇದೆ ಅಂತ ಗೊತ್ತಾಗುವಷ್ಟರಲ್ಲಿ ಅದು ಬೆಟ್ಟದ ಆಚೆ ಹೋಗಿತ್ತು. ಆ ದಿನವೆಲ್ಲ ಬೇರೇನೂ ಬೇಡ ಅನ್ನಿಸಿತು.

ಜೊತೆಯಲ್ಲಿ ಬಂದವರಿಗೆ ಹಕ್ಕಿ ತೋರಿಸುವಾಗ 'ಅಲ್ಲಿ, ಅಲ್ಲಿ' ಅಂದರೆ ಯಾರಿಗೂ ಕಾಣುವುದಿಲ್ಲ. ಕೂತ ತಕ್ಷಣ ಎದುರಿನ ಗುರುತುಗಳಿಗೆ ಹೆಸರಿಟ್ಟುಕೊಳ್ಳಿ: ಜೋಡಿ ಗುಂಡು, ಒಂಟಿ ಮರ, ಸೀಳು ಬಂಡೆ. ಆಮೇಲೆ 'ಒಂಟಿ ಮರದ ಮೇಲೆ ಎರಡು ಗೇಣು, ಎಡಕ್ಕೆ ಹೋಗುತ್ತಿದೆ' ಅಂದರೆ ಸಾಕು.

ಯಾವುದು ಯಾವುದು

ಬಣ್ಣಕ್ಕಿಂತ ಮೊದಲು ಆಕಾರ ನೋಡಿ, ಆಮೇಲೆ ಹಾರುವ ರೀತಿ, ಕೊನೆಗೆ ಬಣ್ಣ.

ದೊಡ್ಡ ಹಕ್ಕಿ, ರೆಕ್ಕೆ ಹಲಗೆಯಂತೆ, ಮೈ ಬೆಳ್ಳಗೆ, ಆದರೆ ರೆಕ್ಕೆಯ ಒಳಭಾಗ ಕಪ್ಪು, ಬಾಲದ ತುದಿಯಲ್ಲಿ ದಪ್ಪ ಕಪ್ಪು ಪಟ್ಟಿ. ಹೀಗಿದ್ದರೆ ಬೊನೆಲ್ಲಿ ಹದ್ದು. ಸಾಮಾನ್ಯವಾಗಿ ಜೋಡಿಯಾಗಿ ಇರುತ್ತದೆ, ಒಂದು ಕಂಡರೆ ಇನ್ನೊಂದಕ್ಕೆ ಹುಡುಕಿ. ಮೇಲಿನಿಂದ ನೋಡಿದಾಗ ಭುಜಗಳ ನಡುವೆ ಬೆನ್ನಿನ ಮೇಲೆ ಬಿಳಿ ಮಚ್ಚೆ ಕಾಣುತ್ತದೆ. ಎತ್ತರದ ಬಂಡೆಯ ಮೇಲೆ ಕೂತವರಿಗೆ ಸಿಗುವ ಗುರುತು ಇದು. ನಮ್ಮ ಬಂಡೆ ಬೆಟ್ಟಗಳ ನಿಜವಾದ ಒಡೆಯ ಇದೇ ಅನ್ನುವುದು ನನ್ನ ಅಭಿಪ್ರಾಯ.

ಹೊಟ್ಟೆಯ ಕಡೆಯೆಲ್ಲ ಬೆಳ್ಳಗಿದ್ದು, ಕತ್ತು ಮತ್ತು ಎದೆಯ ಮೇಲ್ಭಾಗ ಮಾತ್ರ ಕಂದು ಮುಸುಕು ಹಾಕಿದ ಹಾಗಿದ್ದರೆ ಹಾವು ಗಿಡುಗ. ತಲೆ ಗೂಬೆಯಂತೆ ದಪ್ಪ, ಕಣ್ಣು ಹಳದಿ. ಇಷ್ಟು ದೊಡ್ಡ ಹಕ್ಕಿ ಗಾಳಿಗೆ ಎದುರಾಗಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತಿದ್ದರೆ ಅನುಮಾನವೇ ಬೇಡ. ಕೆಳಗೆ ಹಾವು ಹುಡುಕುತ್ತಿರುತ್ತದೆ. ಹಿಡಿದ ಹಾವನ್ನು ಹಾರುತ್ತಲೇ ನುಂಗುವುದೂ ಉಂಟು, ಬಾಲದ ತುದಿ ಕೊಕ್ಕಿನಿಂದ ನೇತಾಡುತ್ತಿರುತ್ತದೆ.

ಜುಟ್ಟಿನ ಸರ್ಪ ಹದ್ದು ಇನ್ನೊಂದು. ಇದನ್ನು ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ. ಕಾಡಿನ ಮೇಲೆ ತೇಲುತ್ತ ಎರಡು ಮೂರು ಉದ್ದ ಸಿಳ್ಳೆ ಹಾಕುತ್ತದೆ. ರೆಕ್ಕೆ ಅಗಲ, ದುಂಡು. ರೆಕ್ಕೆಯ ಹಿಂದಿನ ಅಂಚಿನ ಉದ್ದಕ್ಕೂ ಅಗಲವಾದ ಬಿಳಿ ಪಟ್ಟಿ. ಬಾಲದಲ್ಲೂ ಒಂದು.

ರೆಕ್ಕೆ ಚೂಪಾಗಿ, ಹಡಗಿನ ಲಂಗರಿನ ಆಕಾರದಲ್ಲಿ ಕಂಡರೆ ಶಾಹೀನ್. ತಲೆಗೆ ಕಪ್ಪು ಟೋಪಿ, ಹೊಟ್ಟೆ ತುಕ್ಕಿನ ಬಣ್ಣ. ಇದು ಪೆರೆಗ್ರಿನ್ ಗಿಡುಗದ ನಮ್ಮ ದೇಶದ ತಳಿ. ಪೆರೆಗ್ರಿನ್ ಮೇಲಿನಿಂದ ಎರಗುವಾಗ ಗಂಟೆಗೆ 300 ಕಿಲೋಮೀಟರ್ ದಾಟುತ್ತದೆ. ಅಷ್ಟು ವೇಗದಲ್ಲಿ ಓಡುವ, ಹಾರುವ, ಈಜುವ ಪ್ರಾಣಿ ಬೇರೊಂದಿಲ್ಲ.

ಕರಿ ಹದ್ದಿಗಿಂತ ಚಿಕ್ಕದು, ಉದ್ದ ಬಾಲ, ಒಂದೇ ಕಡೆ ನಿಂತು ರೆಕ್ಕೆ ಬಡಿಯುತ್ತದೆ ಅಂದರೆ ಕೆಸ್ಟ್ರೆಲ್, ಚಿಕ್ಕ ಚಾಣ. ಚಳಿಗಾಲದಲ್ಲಿ ಬಂಡೆಯ ಅಂಚಿನಲ್ಲಿ ಸುಲಭವಾಗಿ ಸಿಗುತ್ತದೆ. ಮರಗಳ ನಡುವೆ ನುಸುಳಿ ಹೋಗುವ ಪಾರಿವಾಳದಷ್ಟು ಗಾತ್ರದ್ದು ಶಿಕ್ರಾ. ಅದನ್ನು ಊರಲ್ಲೂ ನೋಡಿರುತ್ತೀರಿ.

ಎಲ್ಲವನ್ನೂ ಮೊದಲ ದಿನವೇ ಗುರುತಿಸಲು ಆಗುವುದಿಲ್ಲ. ಎಳೆಯ ಹಕ್ಕಿಗಳ ಬಣ್ಣ ಬೇರೆ, ಕೆಲವು ಜಾತಿಯಲ್ಲಿ ಗಂಡು ಹೆಣ್ಣಿನ ಬಣ್ಣ ಬೇರೆ. ಗೊತ್ತಾಗದ್ದನ್ನು 'ಗೊತ್ತಿಲ್ಲದ ದೊಡ್ಡ ಹದ್ದು' ಅಂತಲೇ ಬರೆದುಕೊಂಡು, ಪಕ್ಕದಲ್ಲಿ ರೆಕ್ಕೆಯ ಆಕಾರದ ಒಂದು ಗೆರೆ ಚಿತ್ರ ಹಾಕಿ. ಹಾರುತ್ತಿರುವಾಗಲೇ ಫೋನು ತೆಗೆದು ಹುಡುಕಲು ಹೋಗಬೇಡಿ. ಹಕ್ಕಿ ಇರುವಷ್ಟು ಹೊತ್ತು ಹಕ್ಕಿಯನ್ನೇ ನೋಡಿ.

ಗೂಡಿನ ವಿಷಯ

ಕಡಿದಾದ ಬಂಡೆಯ ಮೇಲೆ ಸುಣ್ಣ ಸುರಿದ ಹಾಗೆ ಬಿಳಿ ಗೆರೆಗಳು ಕಂಡರೆ ಅದು ಹಿಕ್ಕೆ. ಮೇಲೆ ಹಕ್ಕಿ ಕೂರುವ ಜಾಗ ಅಥವಾ ಗೂಡು ಇದೆ ಅಂತ ಅರ್ಥ. ಅಲ್ಲಿಂದ ದೂರ ಇರಿ. ದೊಡ್ಡ ಹದ್ದುಗಳು ಗೂಡು ಕಟ್ಟಿ ಮೊಟ್ಟೆ ಇಡುವುದು ಚಳಿಗಾಲದಲ್ಲೇ. ನಾವು ನೋಡಲು ಹೋಗುವ ಕಾಲವೂ ಅದೇ.

ವರ್ಷಗಳ ಹಿಂದೆ ನಾನು ಮತ್ತು ಇಬ್ಬರು ಗೆಳೆಯರು ಒಂದು ಗೂಡಿನ ಎದುರಿನ ಬಂಡೆಗೆ ಹತ್ತಿದೆವು. ಫೋಟೊ ತೆಗೆಯುವ ಆಸೆ. ತಾಯಿ ಹಕ್ಕಿ ಎದ್ದು ಹೋಯಿತು. ನಾವು ಅಲ್ಲಿದ್ದಷ್ಟು ಹೊತ್ತು, ಮುಕ್ಕಾಲು ಗಂಟೆ, ಅದು ತಲೆಯ ಮೇಲೆ ಕೂಗುತ್ತಲೇ ಸುತ್ತಿತು. ಗೂಡಿನ ಮೇಲೆ ನೇರ ಬಿಸಿಲು ಬೀಳುತ್ತಿತ್ತು. ಆ ಬಿಸಿಲಿಗೆ ನೆರಳಾಗಲೆಂದೇ ಅದು ಅಲ್ಲಿ ಕೂತಿತ್ತು ಅಂತ ನಮಗೆ ಆಮೇಲೆ ಅರ್ಥವಾಯಿತು. ಹಾವು ಗಿಡುಗದಂಥ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಅದು ಹಾಳಾದರೆ ಆ ವರ್ಷವೇ ಹೋದ ಹಾಗೆ. ಈ ಬರಹದಲ್ಲಿ ಗೂಡಿನ ಜಾಗ ಒಂದನ್ನೂ ಹೇಳಿಲ್ಲ, ಹೇಳುವುದೂ ಇಲ್ಲ. ನಿಮಗೆ ಸಿಕ್ಕಿದರೂ ವಾಟ್ಸಾಪ್ ಗುಂಪಿಗೆ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಈ ಹದ್ದು ಗಿಡುಗಗಳಲ್ಲಿ ಹಲವು ಮೊದಲನೇ ಪಟ್ಟಿಯಲ್ಲಿವೆ. ಹುಲಿ, ಆನೆಗೆ ಇರುವ ರಕ್ಷಣೆಯೇ ಇವಕ್ಕೂ ಇದೆ.

ಮಧ್ಯಾಹ್ನ ನಾಮದ ಚಿಲುಮೆ

ಹನ್ನೆರಡರ ಹೊತ್ತಿಗೆ ಬೆಟ್ಟ ಇಳಿದು ನಾಮದ ಚಿಲುಮೆಗೆ ಬನ್ನಿ. ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರಿಲ್ಲದೆ ಬಂಡೆಗೆ ಬಾಣ ಬಿಟ್ಟಾಗ ಚಿಮ್ಮಿದ ನೀರು ಅಂತ ಕಥೆ. ವರ್ಷವಿಡೀ ಬತ್ತುವುದಿಲ್ಲ. ನೆರಳಿದೆ, ಜಿಂಕೆವನ ಇದೆ. ಊಟ ಮುಗಿಸಿ ಸ್ವಲ್ಪ ಕಣ್ಣು ಮುಚ್ಚಿ. ಎಚ್ಚರವಾದಾಗ ಸರ್ಪ ಹದ್ದಿನ ಸಿಳ್ಳೆಗೆ ಕಿವಿ ಕೊಡಿ. ಈ ಸುತ್ತಿನಲ್ಲಿ ಹಳದಿ ಕೊರಳಿನ ಪಿಕಳಾರವೂ ಇದೆ. ಬೇಟೆ ಹಕ್ಕಿಯಲ್ಲದಿದ್ದರೂ ಹೇಳಲೇಬೇಕು. ದಕ್ಷಿಣ ಭಾರತದ ಕಲ್ಲು ಬೆಟ್ಟಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು.

ನಾಲ್ಕು ಗಂಟೆಗೆ ಹೊರಟರೆ ಕೊರಟಗೆರೆ ಮೇಲೆ ಹಾದು ಸಂಜೆಗೆ ಮಧುಗಿರಿ ಸೇರಬಹುದು. ರಾತ್ರಿ ಅಲ್ಲಿಯೇ ಉಳಿಯಿರಿ.

ಎರಡನೇ ಬೆಳಿಗ್ಗೆ: ಮಧುಗಿರಿಯ ಬುಡದಲ್ಲಿ

ಮಧುಗಿರಿ ಕೋಟೆ ಇರುವ ಬೆಟ್ಟ ಒಂದೇ ಬಂಡೆ. ಹತ್ತುವುದಕ್ಕೆ ಹೆಸರುವಾಸಿ. ಆದರೆ ಈ ಪ್ರವಾಸದಲ್ಲಿ ಹತ್ತಬೇಡಿ ಅನ್ನುತ್ತೇನೆ. ಹತ್ತುವಾಗ ಕಣ್ಣೆಲ್ಲ ಕಾಲಿನ ಕಡೆ ಇರುತ್ತದೆ, ಮೇಲೆ ಹೋಗುವಷ್ಟರಲ್ಲಿ ಒಳ್ಳೆಯ ಹೊತ್ತು ಕಳೆದಿರುತ್ತದೆ. ಬುಡದಿಂದ ಸ್ವಲ್ಪ ದೂರ, ಇಡೀ ಬಂಡೆ ಒಂದೇ ನೋಟಕ್ಕೆ ಸಿಗುವ ಕಡೆ ಕೂತು ಬಂಡೆಯ ಗೋಡೆಯನ್ನು ಗಮನಿಸಿ. ಗಾಳಿ ಬಂದು ಗೋಡೆಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಆ ಗಾಳಿಯ ಮೇಲೆ ಹಕ್ಕಿಗಳು ಗೋಡೆಯ ಪಕ್ಕದಲ್ಲೇ ತೇಲುತ್ತವೆ.

ಊರಿನ ಹೆಸರಲ್ಲೇ ಜೇನಿದೆ. ಇಲ್ಲಿ ಮಾತ್ರವಲ್ಲ, ನಮ್ಮ ಎಲ್ಲ ಕಲ್ಲು ಬೆಟ್ಟಗಳಲ್ಲೂ ಹೆಜ್ಜೇನಿನ ಹುಟ್ಟು ಇರುತ್ತದೆ. ಹುಟ್ಟಿನ ಕೆಳಗೆ ಕೂರಬೇಡಿ, ಹೊಗೆ ಹಾಕಬೇಡಿ, ಕಲ್ಲು ಎಸೆಯಬೇಡಿ, ಕೂಗಾಡಬೇಡಿ. ಅಪ್ಪಿತಪ್ಪಿ ಎದ್ದರೆ ಕೈ ಬೀಸದೆ ತಲೆ ಮುಖಕ್ಕೆ ಟವೆಲ್ ಸುತ್ತಿ ಅಲ್ಲಿಂದ ಓಡಿ. ಕಾರು ಅಥವಾ ಮನೆಯೊಳಗೆ ಸೇರಿಕೊಳ್ಳಿ. ಜಾಸ್ತಿ ಕಚ್ಚಿದ್ದರೆ ನೇರ ಆಸ್ಪತ್ರೆಗೆ ಹೋಗಿ.

ಇಲ್ಲಿ ಕೂತಿದ್ದಾಗ ಒಮ್ಮೆ ಕುರಿ ಮೇಯಿಸುವ ತಾತ ಒಬ್ಬರು ಪಕ್ಕಕ್ಕೆ ಬಂದು ಕೂತರು. 'ಏನ್ ನೋಡ್ತಿದ್ದೀರ ಸ್ವಾಮಿ?' ಅಂದರು. ಹೇಳಿದೆ. ಬೈನಾಕ್ಯುಲರ್ ಕೊಟ್ಟೆ. ಬಹಳ ಹೊತ್ತು ನೋಡಿ ವಾಪಸ್ ಕೊಟ್ಟು, 'ನಾವು ಚಿಕ್ಕೋರಿದ್ದಾಗ ದನ ಸತ್ರೆ ರಣಹದ್ದು ಬರೋವು. ಈಗ ಒಂದೂ ಬರಲ್ಲ. ಎಲ್ಲೋದವು?' ಅಂತ ಕೇಳಿದರು.

ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಔಷಧಿಯೇ ಕಾರಣ. ಆ ಚುಚ್ಚುಮದ್ದು ಹಾಕಿಸಿಕೊಂಡ ಸ್ವಲ್ಪ ದಿನದಲ್ಲೇ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟುಹೋಗುತ್ತದೆ. 1990ರ ದಶಕದಿಂದ ಶುರುವಾಗಿ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹೀಗೆ ಹೋದವು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ಸರ್ಕಾರ ನಿಷೇಧಿಸಿತು. 2023ರಲ್ಲಿ ಅಸೆಕ್ಲೋಫೆನಾಕ್, ಕೀಟೊಪ್ರೊಫೆನ್ ಕೂಡ ನಿಷೇಧದ ಪಟ್ಟಿಗೆ ಸೇರಿದವು. ಮನೆಯಲ್ಲಿ ದನ ಇರುವವರು ಡಾಕ್ಟರ ಹತ್ತಿರ ಮೆಲೊಕ್ಸಿಕಾಂ ಕೊಡಿ ಅಂತ ಕೇಳಿ. ಅದು ರಣಹದ್ದಿಗೆ ವಿಷವಲ್ಲ. ತಾತನಿಗೂ ಅಷ್ಟನ್ನೇ ಹೇಳಿದೆ. ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆಸಿಕೊಂಡು ಜೇಬಿಗೆ ಹಾಕಿಕೊಂಡರು. ಈಗ ನಮ್ಮ ಹತ್ತಿರದಲ್ಲಿ ರಣಹದ್ದು ನೋಡಬೇಕಾದರೆ ರಾಮನಗರದ ರಾಮದೇವರ ಬೆಟ್ಟಕ್ಕೆ ಹೋಗಬೇಕು. 2012ರಲ್ಲಿ ಅದನ್ನು ರಣಹದ್ದುಗಳ ಧಾಮ ಮಾಡಿದ್ದಾರೆ.

ಸಂಜೆ ಮೈದನಹಳ್ಳಿ

ಮಧುಗಿರಿಯಿಂದ ಪುರವರ, ಕೊಡಿಗೇನಹಳ್ಳಿ ಕಡೆ ಹೋದರೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್‌ನಲ್ಲಿ ಮೈದನಹಳ್ಳಿ. ಆಂಧ್ರ ಗಡಿ ಪಕ್ಕದಲ್ಲೇ ಇದೆ. ಇಲ್ಲಿನ 798 ಎಕರೆಯನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಅಂತ ಘೋಷಿಸಿದರು. ನದಿಯ ಹೆಸರೇ ಮೀಸಲಿಗೂ. ಒಳಗೆ ಹೋಗುವ ಮುಂಚೆ ಅರಣ್ಯ ಇಲಾಖೆಯವರ ಒಪ್ಪಿಗೆ ಪಡೆಯಿರಿ. ಕಾವಲುಗೋಪುರ ಇದೆ. ಮೂರೂವರೆಗೆ ಅಲ್ಲಿರಿ.

ಕೃಷ್ಣಮೃಗ ಕಣ್ಣಿಗೆ ಬೀಳದೆ ಇರುವುದಿಲ್ಲ. ಅವುಗಳ ಹಿಂದೆ ಗಾಡಿ ಓಡಿಸಬೇಡಿ. ಜಾಡು ಬಿಟ್ಟು ಹುಲ್ಲಿನ ಮೇಲೆ ಗಾಡಿ ಇಳಿಸಲೂ ಬೇಡಿ, ಹುಲ್ಲಿನಲ್ಲೇ ಬಾನಾಡಿ, ಗೌಜಲಕ್ಕಿಗಳ ಬದುಕು.

ನಾವು ಬಂದಿರುವುದು ಹ್ಯಾರಿಯರ್ ಅನ್ನುವ ಬೇಟೆ ಹಕ್ಕಿಗಾಗಿ. ಬೆಟ್ಟದಲ್ಲಿ ಮೇಲೆ ನೋಡಿದ ಕಣ್ಣನ್ನು ಇಲ್ಲಿ ಕೆಳಗೆ ಇಳಿಸಬೇಕು. ಹ್ಯಾರಿಯರ್ ಹುಲ್ಲಿನ ಮೇಲೆ ಆಳೆತ್ತರದಲ್ಲಿ ಹಾರುತ್ತದೆ. ನಾಲ್ಕು ಸಲ ರೆಕ್ಕೆ ಬಡಿದು, ರೆಕ್ಕೆಯನ್ನು ಸ್ವಲ್ಪ ಮೇಲೆತ್ತಿ ಹಿಡಿದು ತೇಲುತ್ತದೆ. ತಲೆ ಬಗ್ಗಿಸಿ ಹುಲ್ಲನ್ನೇ ನೋಡುತ್ತ ಹೋಗುತ್ತದೆ, ಇದ್ದಕ್ಕಿದ್ದಂತೆ ತಿರುಗಿ ಧೊಪ್ಪನೆ ಇಳಿಯುತ್ತದೆ. ಮಿಡತೆ, ಓತಿಕ್ಯಾತ, ಇಲಿ, ಚಿಕ್ಕ ಹಕ್ಕಿ ಅದರ ಆಹಾರ. ಗಂಡು ಬೂದು ಬಣ್ಣ. ರೆಕ್ಕೆಯ ತುದಿಯಲ್ಲಿ ಮಾತ್ರ ಮೊಳೆ ಹೊಡೆದ ಹಾಗೆ ಚೂಪು ಕಪ್ಪು ಇದ್ದರೆ ಪ್ಯಾಲಿಡ್ ಹ್ಯಾರಿಯರ್. ರೆಕ್ಕೆಯ ಮಧ್ಯದಲ್ಲೂ ಕಪ್ಪು ಗೆರೆ ಇದ್ದರೆ ಮಾಂಟೆಗ್ಯು. ಹೆಣ್ಣುಗಳು ಕಂದು, ಬಾಲದ ಬುಡದಲ್ಲಿ ಬಿಳಿ ಮಚ್ಚೆ. ಎರಡರ ಹೆಣ್ಣನ್ನೂ ಬೇರೆ ಮಾಡುವುದು ಹಳಬರಿಗೂ ಕಷ್ಟ. 'ಹೆಣ್ಣು ಹ್ಯಾರಿಯರ್' ಅಂತ ಬರೆದರೆ ಸಾಕು.

ಇವು ಕಜಾಕಿಸ್ತಾನದಂಥ ಮಧ್ಯ ಏಷ್ಯಾದ ಹುಲ್ಲುಗಾವಲುಗಳಿಂದ ಇಲ್ಲಿಗೆ ಬರುತ್ತವೆ. ಸಾವಿರಾರು ಕಿಲೋಮೀಟರ್ ಹಾರಿ ಬಂದು, ರಾತ್ರಿ ಮಲಗುವುದು ಮರದಲ್ಲಲ್ಲ, ನೆಲದ ಮೇಲೆ, ಹುಲ್ಲಿನ ನಡುವೆ. ಅದಕ್ಕೇ ಬಯಲನ್ನು ಬಂಜರು ಅನ್ನುವಾಗ ನನಗೆ ಸಂಕಟವಾಗುತ್ತದೆ. ಮರ ಇಲ್ಲದ ಜಾಗ ಅಂದರೆ ಖಾಲಿ ಜಾಗ ಅಂತ ತಿಳಿದು ಹುಲ್ಲುಗಾವಲಿಗೆ ನೀಲಗಿರಿ ನೆಟ್ಟರು. ಪಕ್ಕದ ಪಾವಗಡದಲ್ಲಿ ಸುಮಾರು 13,000 ಎಕರೆ ಸೌರ ಫಲಕಗಳ ಕೆಳಗೆ ಹೋಗಿದೆ. ಕರೆಂಟು ಬೇಕು, ನಿಜ. ಆದರೆ ಹ್ಯಾರಿಯರ್‌ಗೆ ನೀಲಗಿರಿ ತೋಪಿನಲ್ಲಿ ಮಲಗಲು ಬರುವುದಿಲ್ಲ.

ಸೂರ್ಯ ಮುಳುಗುವ ಒಂದು ಗಂಟೆ ಮುಂಚೆ ಒಂದು ಕಡೆ ಕೂತುಬಿಡಿ. ಎದ್ದು ಓಡಾಡಬೇಡಿ. ಒಂದೊಂದಾಗಿ ಬರುತ್ತವೆ, ಎತ್ತರದ ಹುಲ್ಲಿನ ಮೇಲೆ ಎರಡು ಸುತ್ತು ಹಾಕುತ್ತವೆ, ಇಳಿಯುತ್ತವೆ, ಮತ್ತೆ ಎದ್ದು ಜಾಗ ಬದಲಿಸುತ್ತವೆ. ಅವು ಇಳಿದ ಕಡೆ ನಡೆದು ಹೋಗಲೇಬೇಡಿ. ಕತ್ತಲಾದ ಮೇಲೆ ಎಬ್ಬಿಸಿದರೆ ಮತ್ತೆ ಸರಿಯಾದ ಜಾಗ ಸಿಗದೆ ನಾಯಿ, ನರಿಗೆ ತುತ್ತಾಗಬಹುದು. ಇಳಿದವನ್ನು ಎಣಿಸಿ, ಮತ್ತೆ ಎದ್ದವನ್ನು ಕಳೆಯಿರಿ. ಕತ್ತಲಾದಾಗ ಉಳಿಯುವ ಸಂಖ್ಯೆಯೇ ಅಂದಿನ ಲೆಕ್ಕ.

ಟಾರ್ಚ್ ಹಾಕದೆ, ಕಾರಿನ ಬಾಗಿಲು ದಬ್ಬದೆ ಹೊರಡಿ. ರಾತ್ರಿ ಮಲಗುವ ಮುಂಚೆ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಹಕ್ಕಿ ಲೆಕ್ಕ ದಾಖಲಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿ: ಜಾಗ, ಶುರು ಮಾಡಿದ ಹೊತ್ತು, ಎಷ್ಟು ಹೊತ್ತು ಕೂತಿರಿ, ಯಾವ ಹಕ್ಕಿ ಎಷ್ಟು. ಒಂದೂ ಹ್ಯಾರಿಯರ್ ಬರದಿದ್ದರೂ ಆ ಪಟ್ಟಿಯನ್ನು ಹಾಕಿ. ಮುಂದಿನ ಚಳಿಗಾಲ ಅದೇ ಜಾಗದಲ್ಲಿ ಕೂರುವವರಿಗೆ ಹೋಲಿಸಲು ಆ ಲೆಕ್ಕ ಬೇಕಾಗುತ್ತದೆ.